ಜ್ವರ ಮುಚ್ಚಿಟ್ಟವನ ಮಾತು

2019ರ ಜೂನ್ ಮೊದಲ ವಾರ. ಊರಿಂದ ಒಂದೇ ಸಮ ಫೋನು. “ಕೊಚ್ಚಿಯಲ್ಲಿ ನಿಫಾ ಅಂತೆ, ಮಗಳನ್ನು ಕರ್ಕೊಂಡು ಇಲ್ಲಿಗೆ ಬಂದ್ಬಿಡು ಮಾರಾಯ” ಅಂತ ಅಕ್ಕ. ನಾನು ತಿರುವನಂತಪುರಕ್ಕೆ ಬಂದು ಆಗಲೇ ಇಪ್ಪತ್ತೆಂಟು ವರ್ಷವಾಗಿತ್ತು. ಆದರೂ ಇಲ್ಲೇನಾದರೂ ಆಯ್ತೆಂದರೆ ಊರಿನವರ ಪಾಲಿಗೆ ನಾನಿನ್ನೂ ಪರದೇಶದಲ್ಲಿರುವವನೇ!

ಮಗಳು ಇನ್ನೂರು ಕಿಲೋಮೀಟರ್ ದೂರದಲ್ಲಿ, ಕೊಚ್ಚಿಯ ಕಳಮಶ್ಶೇರಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಸೋಂಕು ತಗುಲಿದ್ದು ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಗೆ ಅಂತ ಟೀವಿಯಲ್ಲಿ ಬಂದಾಗ ನನ್ನ ನಿದ್ದೆ ಹಾರಿಹೋಯಿತು. ವರ್ಷದ ಹಿಂದಷ್ಟೇ, 2018ರ ಮೇ ತಿಂಗಳಲ್ಲಿ, ಕೋಝಿಕ್ಕೋಡ್ ಮತ್ತು ಮಲಪ್ಪುರಂ ಕಡೆ ಇದೇ ರೋಗಕ್ಕೆ ಹದಿನೇಳು ಜನ ಬಲಿಯಾಗಿದ್ದರು. ನಿದ್ದೆ ಹೋಗಲು ಇನ್ನೊಂದು ಕಾರಣವೂ ಇತ್ತು. ಅದನ್ನು ಆಮೇಲೆ ಹೇಳ್ತೇನೆ.

ಮೊದಲು ಸ್ವಲ್ಪ ಹಳೇ ಕಥೆ. ವಿದ್ಯಾರ್ಥಿಗಳಿಗೂ ಅಂಟುರೋಗಕ್ಕೂ ಈ ನಾಡಿನಲ್ಲಿ ಬಹಳ ಹಿಂದಿನ ನಂಟು. ತಿರುವಾಂಕೂರಿಗೆ ಸಿಡುಬಿನ ಲಸಿಕೆ ಬಂದದ್ದು 1813ರಲ್ಲಿ, ರಾಣಿ ಗೌರಿ ಲಕ್ಷ್ಮೀಬಾಯಿಯ ಕಾಲದಲ್ಲಿ. ಜನ ಹೆದರಿದರು. ರಾಜಮನೆತನದವರೇ ಮೊದಲು ಹಾಕಿಸಿಕೊಂಡು ತೋರಿಸಬೇಕಾಯಿತು. ನಮ್ಮ ಮೈಸೂರಿನದ್ದೂ ಇಂಥದ್ದೇ ಕಥೆ. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ರಾಣಿಯರ ಚಿತ್ರವೊಂದಿದೆಯಲ್ಲ, ಅದರಲ್ಲಿ ಲಸಿಕೆ ಹಾಕಿಸಿಕೊಂಡ ತೋಳನ್ನು ತೋರಿಸುತ್ತಿರುವವಳು ರಾಣಿ ದೇವಾಜಮ್ಮಣ್ಣಿ ಅನ್ನುವ ಇತಿಹಾಸಕಾರರಿದ್ದಾರೆ.

ಆ ಹೆದರಿಕೆ ಬರೀ ಮೂಢನಂಬಿಕೆ ಅಂತ ತಳ್ಳಿಹಾಕುವಂಥದ್ದಲ್ಲ. ಆಗಿನ ಲಸಿಕೆ ಈಗಿನ ಹಾಗೆ ಸೀಸೆಯಲ್ಲಿ ಬರುತ್ತಿರಲಿಲ್ಲ. ಲಸಿಕೆ ಹಾಕಿದ ಮಗುವಿನ ತೋಳಿನಲ್ಲಿ ವಾರದ ಮೇಲೆ ಗುಳ್ಳೆ ಏಳುತ್ತದೆ. ಅದರ ರಸ ತೆಗೆದು ಇನ್ನೊಬ್ಬರ ತೋಳಿಗೆ ಗೀರಿ ಹಚ್ಚಬೇಕು. ಯಾರ ತೋಳಿನಿಂದ ಯಾರ ತೋಳಿಗೆ? ಮುಟ್ಟಿದರೇ ಮೈಲಿಗೆ ಅನ್ನುತ್ತಿದ್ದ ಕಾಲ ಅದು!

ಹಾಗೇ ಅರವತ್ತಾರು ವರ್ಷ ಕಳೆಯಿತು. 1879ರಲ್ಲಿ, ಆಯಿಲ್ಯಂ ತಿರುನಾಳ್ ಮಹಾರಾಜರ ಕಾಲದಲ್ಲಿ, ಒಂದು ಆಜ್ಞೆ ಹೊರಟಿತು. ಸರಕಾರಿ ನೌಕರರು, ಜೈಲಿನ ಕೈದಿಗಳು, ವಿದ್ಯಾರ್ಥಿಗಳು, ಇವರಿಗೆಲ್ಲ ಲಸಿಕೆ ಕಡ್ಡಾಯ. ಈ ಪಟ್ಟಿ ಮೊದಲ ಸಲ ಓದಿದಾಗ ನನಗೆ ನಗು ಬಂತು. ಗುಮಾಸ್ತ, ಕೈದಿ, ಸ್ಟೂಡೆಂಟ್ ಮೂವರೂ ಒಂದೇ ಸಾಲಿನಲ್ಲಿ! ಯೋಚಿಸಿದರೆ ಅರ್ಥವಾಗುತ್ತೆ. ಮೂವರೂ ಒಂದೇ ಸೂರಿನಡಿ ಗುಂಪಾಗಿ ಇರುವವರು. ಮೂವರ ಹೆಸರೂ ರಿಜಿಸ್ಟರಿನಲ್ಲಿರುತ್ತೆ. ಕರೆದರೆ ಇಲ್ಲ ಅನ್ನಲಾಗದವರು. ಇಲ್ಲಿನ ಪಾಳಯಂ ಬಳಿಯ ಯೂನಿವರ್ಸಿಟಿ ಕಾಲೇಜು 1866ರಲ್ಲೇ ಮದರಾಸು ವಿಶ್ವವಿದ್ಯಾಲಯದ ಕೆಳಗೆ ಕಾಲೇಜಾಗಿತ್ತು. ಅಲ್ಲಿ ಓದಿ ರಜೆಗೆ ಹಳ್ಳಿಗೆ ಹೋದ ಹುಡುಗನ ತೋಳಿನ ಕಲೆ ನೋಡಿ ಎಷ್ಟು ಮನೆಯವರಿಗೆ ಧೈರ್ಯ ಬಂದಿತ್ತೋ ಏನೋ. ಈಗಲೂ ಆ ಕಟ್ಟಡದ ಮುಂದೆ ಹೋಗುವಾಗ ನನಗೆ ಇದೇ ನೆನಪಾಗುತ್ತೆ.

ಆದರೆ ನೋಡಿ, ಆಜ್ಞೆ ಮಾಡಿ ತೋಳು ಚಾಚಿಸಬಹುದು. ಬಾಯಿ ಬಿಡಿಸುವುದು ಹೇಗೆ? “ನನಗೆ ಜ್ವರ ಬಂದಿದೆ” ಅಂತ ಹುಡುಗರು ತಾವಾಗಿ ಹೇಳುವ ಹಾಗೆ ಮಾಡುವುದು ಹೇಗೆ?

ಈಗ ಆ ಇನ್ನೊಂದು ಕಾರಣ. ಎಂಬತ್ತರ ದಶಕದಲ್ಲಿ ನಾನು ಊರ ಕಡೆಯ ಒಂದು ಹಾಸ್ಟೆಲಿನಲ್ಲಿದ್ದೆ. ಡಿಗ್ರಿಯ ಕೊನೇ ಪರೀಕ್ಷೆಗಳು ಶುರುವಾಗುವ ಹೊತ್ತಿಗೆ ಮೈಮೇಲೆ ಚಿಕನ್‌ಪಾಕ್ಸ್ ಗುಳ್ಳೆಗಳು ಎದ್ದವು. ಹೇಳಿದರೆ ಆ ಕ್ಷಣವೇ ಗಂಟುಮೂಟೆ ಕಟ್ಟಿ ಮನೆಗೆ ಹೋಗಬೇಕು, ಪರೀಕ್ಷೆ ಹೋಯಿತು, ಒಂದು ವರ್ಷ ಹೋಯಿತು. ತುಂಬುತೋಳಿನ ಅಂಗಿ ಹಾಕಿ, ಕಾಲರ್ ಗುಂಡಿ ಬಿಗಿದು ಪೇಪರ್ ಬರೆದೆ. ಎರಡು ವಾರದ ಮೇಲೆ ನನ್ನ ರೂಮ್‌ಮೇಟ್ ಮಲಗಿದ. ಅವನ ಕೊನೇ ಎರಡು ಪೇಪರ್ ತಪ್ಪಿದವು. ಒಂದು ವರ್ಷ ಹಾಳಾದದ್ದು ಅವನದ್ದು. “ಎಲ್ಲಿಂದ ಬಂತೋ ಏನೋ” ಅಂತ ಅವನು ಅಂದಾಗ ನಾನು ಸುಮ್ಮನಿದ್ದೆ.

ಇರಲಿ, 2019ಕ್ಕೆ ಬರೋಣ. ಜೂನ್ 4ರಂದು ಪುಣೆಯ ಪ್ರಯೋಗಾಲಯ ನಿಫಾ ಅಂತ ಖಚಿತಪಡಿಸಿತು. ಆ ಹುಡುಗ ಓದುತ್ತಿದ್ದದ್ದು ತೊಡುಪುಝದಲ್ಲಿ, ತರಬೇತಿಗೆ ಹೋಗಿದ್ದದ್ದು ತ್ರಿಶ್ಶೂರಿಗೆ. ಜೊತೆಗಿದ್ದವರು ಯಾರು, ಆರೈಕೆ ಮಾಡಿದವರು ಯಾರು ಅಂತ ಒಬ್ಬೊಬ್ಬರನ್ನೂ ಹುಡುಕಿ ಮುನ್ನೂರಕ್ಕೂ ಹೆಚ್ಚು ಜನರ ಪಟ್ಟಿ ಮಾಡಿ ನಿಗಾ ಇಟ್ಟರು. ಕಳಮಶ್ಶೇರಿಯ ಸರಕಾರಿ ಮೆಡಿಕಲ್ ಕಾಲೇಜಿನಲ್ಲಿ ಪ್ರತ್ಯೇಕ ವಾರ್ಡ್ ಸಿದ್ಧವಾಯಿತು.

ಆ ವಾರವೇ ರಾತ್ರಿ ಮಗಳ ಫೋನು. “ಅಪ್ಪಾ, ಮೈ ಬೆಚ್ಚಗಿದೆ. ವಾರ್ಡನ್‌ಗೆ ಹೇಳ್ಲಾ?”

ಬಾಯಿಗೆ ಬಂದ ಮಾತು, “ಸುಮ್ಮನಿರು, ಬೆಳಿಗ್ಗೆ ರೈಲು ಹತ್ತಿ ಬಾ” ಅಂತ. ಅಷ್ಟರಲ್ಲಿ ರೂಮ್‌ಮೇಟ್ ಮುಖ ಕಣ್ಣ ಮುಂದೆ ಬಂತು. “ಈಗ್ಲೇ ಹೋಗಿ ಹೇಳು” ಅಂದೆ. ಹೇಳಿದಳು. ಯಾರೂ ಗದರಲಿಲ್ಲ, ಮನೆಗೆ ಅಟ್ಟಲಿಲ್ಲ. ಬೇರೆ ರೂಮು ಕೊಟ್ಟರು, ಹೊತ್ತು ಹೊತ್ತಿಗೆ ಗಂಜಿ ಕಳಿಸಿದರು, ತಪ್ಪಿದ ಲ್ಯಾಬ್ ಆಮೇಲೆ ಮಾಡಿಸಿದರು. ಸಾದಾ ನೆಗಡಿ ಜ್ವರ, ಮೂರು ದಿನದಲ್ಲಿ ಇಳಿಯಿತು. ಆ ಹುಡುಗನೂ ಬದುಕಿದ. ಜುಲೈಯಲ್ಲಿ ಆಸ್ಪತ್ರೆಯಿಂದ ಮನೆಗೆ ಹೋದ. ಅವನಿಂದ ಇನ್ನೊಬ್ಬರಿಗೂ ರೋಗ ದಾಟಲಿಲ್ಲ.

ಏಳು ತಿಂಗಳಲ್ಲಿ ಕೊರೋನಾ ಬಂತು. 2020ರ ಜನವರಿ 30ರಂದು ದೇಶದ ಮೊದಲ ಪ್ರಕರಣ ಸಿಕ್ಕಿದ್ದು ತ್ರಿಶ್ಶೂರಿನಲ್ಲಿ. ಆಮೇಲಿನ ಎರಡು ಆಲಪ್ಪುಝ ಮತ್ತು ನಮ್ಮ ಕಾಸರಗೋಡಿನ ಕಾಞಂಗಾಡಿನಲ್ಲಿ. ಮೂವರೂ ವುಹಾನಿನಿಂದ ಮರಳಿದ ಮೆಡಿಕಲ್ ವಿದ್ಯಾರ್ಥಿಗಳು, ಮೂವರೂ ಗುಣವಾದರು. ಅದಾದ ಮೇಲೆ ಮಾರ್ಚ್‌ವರೆಗೂ ಕೇರಳದಲ್ಲಿ ಹೊಸ ಪ್ರಕರಣ ಸಿಗಲಿಲ್ಲ. ಆಮೇಲಿನದ್ದು ನಿಮಗೆಲ್ಲ ಗೊತ್ತಿರುವ ದೊಡ್ಡ ಕಥೆ.

ಕಾಲೇಜು ನಡೆಸುವವರಿಗೆ ನಾನು ಹೇಳುವುದು ಇಷ್ಟೇ. ಸೋಪು, ಮಾಸ್ಕು, ಲಸಿಕೆ ಎಲ್ಲಾ ಬೇಕು. ಅದರ ಜೊತೆಗೆ, ಜ್ವರ ಬಂತೆಂದು ಹೇಳಿದ ಹುಡುಗನ ಪರೀಕ್ಷೆಯನ್ನೂ ಕಾಪಾಡಿ. ಇಲ್ಲದಿದ್ದರೆ ಅವನು ತುಂಬುತೋಳಿನ ಅಂಗಿ ಹಾಕ್ಕೊಂಡು ಬರ್ತಾನೆ.

ಇನ್ನು ಆ ನನ್ನ ರೂಮ್‌ಮೇಟ್... ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಇದು ಅವನ ಕಣ್ಣಿಗೆ ಬಿದ್ದರೆ, ಎಲ್ಲಿಂದ ಬಂತು ಅಂತ ಕೇಳಿದ್ದೆಯಲ್ಲ, ನನ್ನಿಂದಲೇ ಬಂದದ್ದು ಮಾರಾಯ. ಹೇಳುವುದು ತಡವಾಯಿತು.