ಕಸೂತಿಯ ಗುರುತು ಮತ್ತು ವ್ಯಾಪಾರಧರ್ಮ

ನಂಜನಗೂಡನ್ನು ಬಳಸಿ ಹರಿಯುವ ಕಪಿಲಾ ನದಿಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಈ ಎರಡು ಊರುಗಳ ಬೀದಿಗಳಲ್ಲಿ ಬೆಳಗಿನ ಹೊತ್ತು ನಿಂತು ನೋಡಿದರೆ, ಹೋಗುವವರ ಉಡುಪುಗಳ ಮೇಲೆ ದಾರದಿಂದ ಹೊಲಿದ ಗುರುತುಗಳು ಎದ್ದು ಕಾಣುತ್ತವೆ. ಶಾಲಾ ಬಾಲಕನ ಜೇಬಿನ ಮೇಲೆ ಶಾಲೆಯ ಲಾಂಛನ, ಹೋಟೆಲಿನ ಮಾಣಿಯ ಅಂಗಿಯ ಮೇಲೆ ಹೋಟೆಲಿನ ಹೆಸರು, ಪೆಟ್ರೋಲ್ ಬಂಕಿನ ಹುಡುಗನ ಟೋಪಿಯ ಮೇಲೆ ಕಂಪನಿಯ ಮುದ್ರೆ, ದಾದಿಯ ಮೇಲಂಗಿಯ ಮೇಲೆ ಆಸ್ಪತ್ರೆಯ ಹೆಸರು ಇರುತ್ತವೆ. ಇವುಗಳಲ್ಲಿ ಹೆಚ್ಚಿನವು ಸಣ್ಣ ವ್ಯಾಪಾರಿಗಳು, ಸಣ್ಣ ಸಂಸ್ಥೆಗಳು ಇಪ್ಪತ್ತು, ಐವತ್ತು, ಇನ್ನೂರರ ಲೆಕ್ಕದಲ್ಲಿ ಹೇಳಿ ಮಾಡಿಸಿದವು. ಮಾಡಿಸಿದವರ ಹೆಸರು ಎಲ್ಲರಿಗೂ ಕಾಣುತ್ತದೆ. ಹೊಲಿದವರ ಹೆಸರು ಎಲ್ಲಿಯೂ ಇರುವುದಿಲ್ಲ.

ಗುರುತಿನ ಬೆಲೆ ಏನೆಂಬುದು ಈ ಸೀಮೆಯ ಜನರಿಗೆ ಹೊಸದಲ್ಲ. ಬಿ. ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯಿಂದಾಗಿ ನಂಜನಗೂಡಿನ ಹೆಸರು ಹಲ್ಲುಪುಡಿಯ ಪೊಟ್ಟಣದೊಡನೆ ನಾಡಿನ ಮನೆಮನೆಗೂ ತಲಪಿತು. ನಂಜನಗೂಡಿನ ರಸಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಹೆಸರನ್ನು ನಂಬಿ ಜನರು ಹಣ ಕೊಡುತ್ತಾರೆ. ಆ ನಂಬಿಕೆಗೆ ತಕ್ಕ ವಸ್ತುವನ್ನು ಕೊಡುವುದು ಮಾರುವವನ ಹೊಣೆ. ಬಟ್ಟೆಯ ಮೇಲೆ ಗುರುತು ಹೊಲಿಯುವ ಕಸುಬಿನಲ್ಲಿ ಈ ಹೊಣೆಯು ಹೇಗೆ ಬೆಳೆದು ಬಂದಿತು, ಇಂದು ಎಲ್ಲಿ ಸಡಿಲವಾಗುತ್ತದೆ ಎಂಬುದು ವಿಚಾರಯೋಗ್ಯವಾಗಿದೆ.

ಎಳೆ ಎಣಿಸುವ ಕಲೆ

ಕನ್ನಡ ನಾಡಿನ ಸೂಜಿಕೆಲಸದಲ್ಲಿ ಅಗ್ರಸ್ಥಾನ ಧಾರವಾಡ ಸೀಮೆಯ ಕಸೂತಿಯದು. ಗಾವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳು ಅದರಲ್ಲಿವೆ. ಗೋಪುರ, ತೇರು, ತುಳಸಿಕಟ್ಟೆ, ಆನೆ, ಕಮಲ ಮೊದಲಾದ ಚಿತ್ರಗಳನ್ನು ಇಳಕಲ್ಲಿನ ಸೀರೆಯ ಮೇಲೆ, ಮದುವಣಗಿತ್ತಿಗೆ ಕೊಡುವ ಚಂದ್ರಕಾಳಿ ಸೀರೆಯ ಮೇಲೆ ಹೆಣ್ಣುಮಕ್ಕಳು ಹೊಲಿಯುತ್ತಿದ್ದರು. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ರೂಢಿ ಇದರಲ್ಲಿರಲಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಕಣ್ಣಿನಿಂದಲೇ ಎಣಿಸಿ ಸೂಜಿ ಹಾಕಬೇಕಾಗಿತ್ತು. ಒಂದು ಎಳೆಯ ಲೆಕ್ಕ ತಪ್ಪಿದರೂ ಗೋಪುರವು ವಾಲುತ್ತದೆ. ಗಾವಂತಿ ಮತ್ತು ಮುರ್ಗಿಯಲ್ಲಿ ಗಂಟು ಹಾಕುವಂತಿಲ್ಲವಾದ್ದರಿಂದ ಬಟ್ಟೆಯ ಒಳಮೈಯೂ ಹೊರಮೈಯೂ ಒಂದೇ ತೆರನಾಗಿ ಕಾಣುತ್ತವೆ.

ಈ ಕೆಲಸವು ಬಹುಮಟ್ಟಿಗೆ ಮಾರಾಟಕ್ಕಾಗಿ ಇದ್ದುದಲ್ಲ. ತಾಯಿಯು ಮಗಳಿಗಾಗಿ, ಅಕ್ಕನು ತಂಗಿಗಾಗಿ ಹೊಲಿಯುತ್ತಿದ್ದಳು. ಹೊಲಿದವಳೂ ಉಡುವವಳೂ ಒಂದೇ ಮನೆಯವರಾದಾಗ ಎಳೆಯಲ್ಲಿ ಮೋಸ ಮಾಡುವ ಪ್ರಶ್ನೆ ಏಳುವುದಿಲ್ಲ. ಹೊಲಿಯುವವರು ಒಬ್ಬರು, ಮಾರುವವರು ಇನ್ನೊಬ್ಬರು, ಕೊಳ್ಳುವವರು ಮತ್ತೊಬ್ಬರು ಎಂದಾದಾಗಲೇ ಅಳತೆ ಮತ್ತು ಸತ್ಯದ ಪ್ರಶ್ನೆ ಹುಟ್ಟುತ್ತದೆ.

ರೇಷ್ಮೆಯ ಸಂಕೇತ ಸಂಖ್ಯೆ

ಈ ಪ್ರಶ್ನೆಗೆ ಮೈಸೂರು ಸೀಮೆಯು ಕಂಡುಕೊಂಡ ಒಂದು ಉತ್ತರ ರೇಷ್ಮೆ ಸೀರೆಯಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1912ರಲ್ಲಿ, ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾಯಿತು. 1980ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮವು ಅದನ್ನು ವಹಿಸಿಕೊಂಡಿತು. ನಿಗಮದ ನೂಲು ಬಿಚ್ಚಾಣಿಕೆ ಕಾರ್ಖಾನೆ ಇರುವುದು ತಿರುಮಕೂಡಲು ನರಸೀಪುರದಲ್ಲಿ. ಅಲ್ಲಿ ಗೂಡಿನಿಂದ ಬಿಚ್ಚಿದ ನೂಲು ಮೈಸೂರಿನಲ್ಲಿ ಸೀರೆಯಾಗುತ್ತದೆ. ಅದಕ್ಕೆ ಬಳಸುವ ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ, 0.65 ಪಾಲು ಚಿನ್ನ ಇರುತ್ತದೆಂದು ನಿಗಮವು ಪ್ರಕಟವಾಗಿ ಹೇಳುತ್ತದೆ. ಹೆಸರುವಾಸಿಯಾದ ವಸ್ತುವಿಗೆ ನಕಲಿಯ ಕಾಟ ತಪ್ಪಿದ್ದಲ್ಲ. ಆದುದರಿಂದ ನಿಗಮದ ಪ್ರತಿಯೊಂದು ಸೀರೆಗೂ ಪ್ರತ್ಯೇಕವಾದ ಸಂಕೇತ ಸಂಖ್ಯೆಯನ್ನು ದಾರದಿಂದಲೇ ಹೊಲಿದಿರುತ್ತಾರೆ. ಇಲ್ಲಿ ಸೂಜಿಯು ಅಲಂಕಾರಕ್ಕಾಗಿ ಓಡದೆ ಸಾಕ್ಷಿ ನುಡಿಯಲು ಓಡುತ್ತದೆ. ಶುದ್ಧ ರೇಷ್ಮೆಯನ್ನು ಗುರುತಿಸಲು 2004ರಲ್ಲಿ ಬಂದ ಸಿಲ್ಕ್ ಮಾರ್ಕ್‌ನ ಉದ್ದೇಶವೂ ಇದೇ.

ಆದರೆ ಶ್ರಾವಕ ಕುಟುಂಬಗಳು ಇಲ್ಲಿ ಇನ್ನೊಂದು ಸತ್ಯವನ್ನೂ ಮರೆಯಲಾಗದು. ಎಳೆ ತುಂಡಾಗದಂತೆ ನೂಲು ಬಿಚ್ಚಬೇಕಾದರೆ ಚಿಟ್ಟೆಯು ಗೂಡನ್ನು ಕೊರೆದು ಹೊರಬರುವ ಮೊದಲೇ ಒಳಗಿನ ಜೀವವನ್ನು ಶಾಖದಿಂದ ಕೊಲ್ಲಬೇಕಾಗುತ್ತದೆ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಚಿಟ್ಟೆ ಹೊರಬಂದ ಮೇಲೆ ಉಳಿದ ಗೂಡಿನಿಂದ ನೂಲು ತೆಗೆಯುವ ಕ್ರಮವನ್ನು ಹೈದರಾಬಾದಿನ ಕುಸುಮ ರಾಜಯ್ಯನವರು ಅಹಿಂಸಾ ರೇಷ್ಮೆ ಎಂಬ ಹೆಸರಿನಲ್ಲಿ ಬಳಕೆಗೆ ತಂದರು. ಅದರ ನೂಲಿಗೆ ಹೊಳಪು ಕಡಿಮೆ, ಬೆಲೆ ಹೆಚ್ಚು. ರೇಷ್ಮೆಯನ್ನು ಉಡಬೇಕೆ ಬಿಡಬೇಕೆ ಎಂಬುದು ಅವರವರ ವ್ರತಕ್ಕೆ ಬಿಟ್ಟ ಮಾತು. ಕೈಯಲ್ಲಿರುವುದು ಯಾವ ನೂಲು ಎಂಬುದನ್ನು ಮರೆಮಾಚದೆ ಹೇಳುವುದು ಮಾತ್ರ ಮಾರುವವನ ಕರ್ತವ್ಯ. ಇಂದು ಪೇಟೆಯಲ್ಲಿ ‘ಸಿಲ್ಕ್ ದಾರ’ ಎಂಬ ಹೆಸರಿನಲ್ಲಿ ಮಾರಾಟವಾಗುವ ಕಸೂತಿ ದಾರದಲ್ಲಿ ಹೆಚ್ಚಿನ ಪಾಲು ಮರದ ತಿರುಳಿನಿಂದ ಮಾಡಿದ ರೇಯಾನ್ ಅಥವಾ ಪಾಲಿಯೆಸ್ಟರ್. ರೇಷ್ಮೆಯನ್ನು ಬಯಸಿ ಬಂದವನಿಗೆ ಆ ಹೆಸರಿನಿಂದ ನಷ್ಟ. ರೇಷ್ಮೆಯನ್ನು ವರ್ಜಿಸಿದವನಿಗೆ ವೃಥಾ ಸಂದೇಹ.

ಬದನವಾಳಿನ ಪಾಠ

ನಂಜನಗೂಡು ತಾಲ್ಲೂಕಿನ ಬದನವಾಳು ಮತ್ತು ತಗಡೂರು ಈ ಇತಿಹಾಸದ ಮತ್ತೊಂದು ಅಧ್ಯಾಯ. ಸ್ವಾತಂತ್ರ್ಯ ಹೋರಾಟಗಾರರಾದ ತಗಡೂರು ರಾಮಚಂದ್ರರಾಯರು ಈ ಭಾಗದಲ್ಲಿ ಖಾದಿಯ ಕಾರ್ಯವನ್ನು ಹಳ್ಳಿಹಳ್ಳಿಗೆ ಒಯ್ದರು. 1927ರಲ್ಲಿ ಗಾಂಧೀಜಿಯವರು ವಿಶ್ರಾಂತಿಗಾಗಿ ನಂದಿಬೆಟ್ಟ ಮತ್ತು ಬೆಂಗಳೂರಿನಲ್ಲಿ ತಂಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ಖಾದಿಗೆ ಹೊಸ ಹುರುಪು ಬಂದಿತು. ಸಂಸ್ಥಾನದ ಸರ್ಕಾರವೇ ಬದನವಾಳಿನಲ್ಲಿ ಖಾದಿ ಕೇಂದ್ರವನ್ನು ನಡೆಸಿತು. ಮುಂದೆ ಗಾಂಧೀಜಿಯವರ ಭೇಟಿಯಿಂದ ಆ ಊರು ನಾಡಿಗೆಲ್ಲ ಪರಿಚಿತವಾಯಿತು.

ಖಾದಿಯ ಇತಿಹಾಸದಲ್ಲಿ ವ್ಯಾಪಾರಿಗಳು ವಿಶೇಷವಾಗಿ ಗಮನಿಸಬೇಕಾದುದು 1935ರ ನಿರ್ಣಯವನ್ನು. ಅದುವರೆಗೆ ಖಾದಿಯನ್ನು ಅಗ್ಗವಾಗಿ ಮಾರಬೇಕೆಂಬ ಹಂಬಲದಲ್ಲಿ ನೂಲುವ ಹೆಂಗಸರಿಗೆ ಸಿಗುತ್ತಿದ್ದ ಕೂಲಿ ತೀರ ಕಡಿಮೆಯಾಗಿತ್ತು. ನೂಲುವವಳಿಗೆ ಬದುಕಲು ಸಾಕಾಗುವಷ್ಟು ಕನಿಷ್ಠ ಕೂಲಿಯನ್ನು ಕೊಡಲೇಬೇಕೆಂದು ಗಾಂಧೀಜಿ ಪಟ್ಟು ಹಿಡಿದರು. 1925ರಲ್ಲಿ ಸ್ಥಾಪಿತವಾಗಿದ್ದ ಅಖಿಲ ಭಾರತ ಚರಕ ಸಂಘವು ಆ ತತ್ತ್ವವನ್ನು ಅಂಗೀಕರಿಸಿತು. ಖಾದಿಯ ಬೆಲೆ ಏರುತ್ತದೆ, ಗಿರಾಕಿ ಕಡಿಮೆಯಾಗಬಹುದು ಎಂಬುದನ್ನು ಅರಿತೇ ಅಂಗೀಕರಿಸಿತು. ಮೊದಲು ಕೂಲಿ, ಅನಂತರ ಬೆಲೆ ಎಂಬ ಈ ಕ್ರಮವು ಲೆಕ್ಕಪತ್ರದಲ್ಲಿ ಸಣ್ಣ ಬದಲಾವಣೆಯಂತೆ ಕಂಡರೂ ಧರ್ಮದ ದೃಷ್ಟಿಯಿಂದ ಬಹು ದೊಡ್ಡದು.

ಇದೇ ತಾಲ್ಲೂಕು ಇನ್ನೊಂದು ಬಗೆಯ ಬಟ್ಟೆಯನ್ನೂ ಕಂಡಿತು. ಸ್ಕಾಟ್ಲೆಂಡಿನ ಹಳೆಯ ಹೆಸರಾದ ರೀಡ್ ಅಂಡ್ ಟೇಲರ್ ಗುರುತಿನ ಸೂಟಿನ ಬಟ್ಟೆಯನ್ನು 1998ರಿಂದ ನಂಜನಗೂಡಿನ ಬಳಿ ನೇಯಲಾಯಿತು. ಆ ಕಂಪನಿಯು 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟು, ಮರುವರ್ಷ ಅದರ ಸಮಾಪನಕ್ಕೆ ಆದೇಶವಾಯಿತು. ಹೆಸರು ದೂರದ ಊರಿನದು, ದುಡಿಮೆ ಈ ಊರಿನದು. ಕಾರ್ಖಾನೆ ನಿಂತಾಗ ದಿಕ್ಕೆಟ್ಟದ್ದು ದುಡಿದವರ ಮನೆ.

ಯಂತ್ರದ ಸೂಜಿ

ಕಸೂತಿಗೆ ಯಂತ್ರ ಬಂದದ್ದು ಯೂರೋಪಿನಲ್ಲಿ. 1828ರಲ್ಲಿ ಫ್ರಾನ್ಸಿನ ಜೋಸುಯೆ ಹೈಲ್‌ಮನ್ ಅನೇಕ ಸೂಜಿಗಳನ್ನು ಒಟ್ಟಿಗೆ ನಡೆಸುವ ಯಂತ್ರವನ್ನು ರೂಪಿಸಿದನು. 1863ರಲ್ಲಿ ಸ್ವಿಟ್ಸರ್ಲೆಂಡಿನ ಐಸಾಕ್ ಗ್ರೋಬ್ಲಿ ಮತ್ತೊಂದು ಬಗೆಯ ಯಂತ್ರವನ್ನು ಕಂಡುಹಿಡಿದನು. 1964ರಲ್ಲಿ ಜಪಾನಿನ ತಾಜಿಮಾ ಸಂಸ್ಥೆ ಹಲವು ತಲೆಗಳ ಸ್ವಯಂಚಾಲಿತ ಯಂತ್ರವನ್ನು ತಂದಿತು. 1980ರ ದಶಕದಲ್ಲಿ ಕಂಪ್ಯೂಟರ್ ಜೊತೆಗೂಡಿತು. ಹೀಗೆ ದೊಡ್ಡ ಗಿರಣಿಗಳಿಗೆ ಮಾತ್ರ ಸಾಧ್ಯವಾಗಿದ್ದ ಕೆಲಸವು ಒಂದು ಮಳಿಗೆಯಲ್ಲಿ ನಾಲ್ಕೈದು ಜನ ಮಾಡಬಹುದಾದ ಕಸುಬಾಯಿತು.

ಇಂದಿನ ಕೆಲಸದ ಕ್ರಮ ಹೀಗಿದೆ. ಗಿರಾಕಿ ತಂದ ಲಾಂಛನವನ್ನು ಕಂಪ್ಯೂಟರಿನಲ್ಲಿ ಹೊಲಿಗೆಗಳ ರೂಪಕ್ಕೆ ಇಳಿಸಬೇಕು. ಸೂಜಿ ಎಲ್ಲಿಂದ ಹೊರಡಬೇಕು, ಎತ್ತ ತಿರುಗಬೇಕು, ಎಷ್ಟು ಒತ್ತಾಗಿ ತುಂಬಬೇಕು ಎಂಬುದೆಲ್ಲ ಅಲ್ಲಿಯೇ ತೀರ್ಮಾನವಾಗುತ್ತದೆ. ಬಟ್ಟೆಯ ಅಡಿಗೆ ಕಾಗದದಂತಹ ಆಧಾರವನ್ನಿಟ್ಟು, ಚೌಕಟ್ಟಿಗೆ ಬಿಗಿದು, ಒಂದು ಮಾದರಿಯನ್ನು ಹೊಲಿದು ಗಿರಾಕಿಯ ಒಪ್ಪಿಗೆ ಪಡೆಯಬೇಕು. ಅನಂತರ ಸಾಲಾಗಿ ಹೊಲಿದು, ಹೆಚ್ಚಿನ ದಾರವನ್ನು ಕತ್ತರಿಸಿ, ಇಸ್ತ್ರಿ ಮಾಡಿ ಕೊಡಬೇಕು. ಕೆಲಸದ ಬೆಲೆಯನ್ನು ಸಾಮಾನ್ಯವಾಗಿ ಸಾವಿರ ಹೊಲಿಗೆಗೆ ಇಷ್ಟೆಂದು ಕಟ್ಟುತ್ತಾರೆ.

ಒಂದು ಸರಳ ಲೆಕ್ಕವನ್ನು ನೋಡಬಹುದು. ಜೇಬಿನ ಮೇಲಿನ ಲಾಂಛನಕ್ಕೆ 6,000 ಹೊಲಿಗೆಗಳು ಬೇಕು, ಯಂತ್ರವು ನಿಮಿಷಕ್ಕೆ 750 ಹೊಲಿಗೆ ಹಾಕುತ್ತದೆ ಎಂದಿಟ್ಟುಕೊಂಡರೆ ಒಂದು ಅಂಗಿಗೆ 8 ನಿಮಿಷ. ಆರು ತಲೆಗಳ ಯಂತ್ರದಲ್ಲಿ 200 ಅಂಗಿಗಳಿಗೆ 34 ಸುತ್ತು, ಅಂದರೆ 272 ನಿಮಿಷ. ಚೌಕಟ್ಟಿಗೆ ಬಿಗಿಯುವ, ದಾರ ಬದಲಿಸುವ ಹೊತ್ತು ಬೇರೆ. ಲಾಂಛನವನ್ನು ಸಿದ್ಧಪಡಿಸುವ ಶ್ರಮ 20 ಅಂಗಿಗೂ ಅಷ್ಟೆ, 2,000 ಅಂಗಿಗೂ ಅಷ್ಟೆ. ಚಿಕ್ಕ ಅಂಗಡಿಯವನು 20 ಅಂಗಿ ಹೊಲಿಸಿದಾಗ ತಲೆಗೆ ಬೆಲೆ ಹೆಚ್ಚಾಗುವುದು ಈ ಕಾರಣದಿಂದ. ಇದನ್ನು ಬಾಯಿಬಿಟ್ಟು ಹೇಳಿದರೆ ಗಿರಾಕಿಗೂ ಅರ್ಥವಾಗುತ್ತದೆ.

ಆಸೆ ಹುಟ್ಟುವುದು ಮುಂದಿನ ಹೆಜ್ಜೆಯಲ್ಲಿ. ಅದೇ ಲಾಂಛನವನ್ನು ತೆಳುವಾಗಿ ತುಂಬಿ 4,500 ಹೊಲಿಗೆಗೆ ಇಳಿಸಿದರೆ ಸುತ್ತಿಗೆ 2 ನಿಮಿಷದಂತೆ 68 ನಿಮಿಷ ಉಳಿಯುತ್ತದೆ, ದಾರವೂ ಉಳಿಯುತ್ತದೆ. ಕೊಂಡವನು ಹೊಲಿಗೆಗಳನ್ನು ಎಣಿಸುವುದಿಲ್ಲ. ನಾಲ್ಕು ಸಲ ಒಗೆದ ಮೇಲೆ ಅಕ್ಷರಗಳ ನಡುವೆ ಬಟ್ಟೆ ಇಣುಕಿದಾಗ ಅವನಿಗೆ ತಿಳಿಯುತ್ತದೆ. ಹಾಗೆಯೇ ಆಸ್ಪತ್ರೆ ಮತ್ತು ಹೋಟೆಲಿನ ಬಟ್ಟೆಗಳಿಗೆ ಬ್ಲೀಚಿಂಗ್ ತಡೆಯುವ ಪಾಲಿಯೆಸ್ಟರ್ ದಾರ ಬೇಕು. ಹೊಳಪಿನ ರೇಯಾನ್ ಅಲ್ಲಿ ಬಣ್ಣಗೆಡುತ್ತದೆ. ಇದನ್ನು ಬಲ್ಲ ಕಸುಬುದಾರನು ಸುಮ್ಮನಿದ್ದರೆ ಆ ಮೌನವೂ ದೋಷವೇ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ ಎಂಬುದನ್ನು ಹೆಸರಿಸಲಾಗಿದೆ. ತಕ್ಕಡಿ, ಬಳ್ಳ, ಗಜಕೋಲುಗಳ ಕಾಲದಲ್ಲಿ ಹೇಳಿದ ಈ ಮಾತು ಹೊಲಿಗೆಯ ಲೆಕ್ಕಕ್ಕೂ ಅನ್ವಯಿಸುತ್ತದೆ. ಗಿರಾಕಿ ಎಣಿಸಲಾರದ ಅಳತೆಯಲ್ಲಿ ವ್ಯಾಪಾರಿಯ ಹೊಣೆ ಇನ್ನೂ ಹೆಚ್ಚು.

ಅದೇ ಪಟ್ಟಿಯಲ್ಲಿ ಪ್ರತಿರೂಪಕ ವ್ಯವಹಾರ ಎಂಬ ಇನ್ನೊಂದು ಅತಿಚಾರವಿದೆ. ಅಸಲಿಯೆಂದು ನಕಲಿಯನ್ನು ಕೊಡುವುದೇ ಅದು. ಹೆಸರಾಂತ ಕಂಪನಿಯ ಗುರುತನ್ನು ಸಾದಾ ಅಂಗಿಯ ಮೇಲೆ ಹೊಲಿದುಕೊಡಿರೆಂದು ಕೇಳುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ‘ನಾವು ಮಾರುವವರಲ್ಲ, ಹೊಲಿಯುವವರು ಮಾತ್ರ’ ಎಂಬ ಸಮಾಧಾನ ಇಲ್ಲಿ ಸಲ್ಲದು. 2003ರಲ್ಲಿ ಜಾರಿಗೆ ಬಂದ 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯು ಸುಳ್ಳು ಚಿಹ್ನೆಯನ್ನು ವಸ್ತುವಿಗೆ ಹಾಕುವುದನ್ನೇ ಅಪರಾಧವೆಂದು ಗಣಿಸಿ ಸೆರೆವಾಸವನ್ನೂ ದಂಡವನ್ನೂ ವಿಧಿಸಿತು. ಗುರುತು ಯಾರದೋ ಅವರ ಒಪ್ಪಿಗೆಯ ಪತ್ರವನ್ನು ಕೇಳಿ ಪಡೆಯುವುದು ಕಾನೂನಿಗೂ ಕ್ಷೇಮ, ಮನಸ್ಸಿಗೂ ಕ್ಷೇಮ.

ಸೂಜಿಯ ಹಿಂದಿನ ಕೈ

ಈ ಕಸುಬಿನ ಸುಗ್ಗಿ ಮೇ ಮತ್ತು ಜೂನ್ ತಿಂಗಳುಗಳು. ಶಾಲೆ ತೆರೆಯುವ ಮೊದಲು ಎಲ್ಲ ಸಮವಸ್ತ್ರಗಳೂ ಸಿದ್ಧವಾಗಬೇಕು. ಯಂತ್ರವು ತಾನಾಗಿಯೇ ಹೊಲಿಯುತ್ತದೆಂದು ನೋಡುವವರಿಗೆ ಅನಿಸುತ್ತದೆ. ಆದರೆ ತುಂಡಾದ ದಾರವನ್ನು ಸೂಜಿಗೆ ಪೋಣಿಸುವ, ಚೌಕಟ್ಟನ್ನು ಬಿಗಿಯುವ, ಎಳೆ ಕತ್ತರಿಸುವ ಕೈಗಳು ಇಡೀ ದಿನ ನಿಂತೇ ದುಡಿಯುತ್ತವೆ. ಕಣ್ಣಿಗೆ ಆಯಾಸ, ಕಾಲಿಗೆ ಬಾವು, ಕಿವಿಗೆ ಯಂತ್ರದ ಸದ್ದು. 1948ರ ಕಾರ್ಖಾನೆಗಳ ಕಾಯಿದೆಯು ವಾರಕ್ಕೆ 48 ಗಂಟೆಗಳ ಮಿತಿಯನ್ನೂ, ಮೀರಿದ ದುಡಿಮೆಗೆ ಇಮ್ಮಡಿ ಕೂಲಿಯನ್ನೂ ನಿಯಮವಾಗಿ ತಂದಿತು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣವನ್ನು ಹಿಂಪಡೆಯುವ ನಿಯಮವನ್ನು ಬಿಗಿಗೊಳಿಸಿದಾಗ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಮಹಿಳೆಯರು ಬೀದಿಗಿಳಿದರು. ಕೇಂದ್ರ ಸರ್ಕಾರವು ಆ ನಿಯಮವನ್ನು ಹಿಂತೆಗೆದುಕೊಂಡಿತು. ಅಷ್ಟು ಸಣ್ಣ ಉಳಿತಾಯವೂ ಅವರಿಗೆ ಎಷ್ಟು ದೊಡ್ಡ ಆಸರೆ ಎಂಬುದು ಅಂದು ನಾಡಿಗೆ ತಿಳಿಯಿತು.

ನಾಲ್ಕೈದು ಜನರ ಮಳಿಗೆಗೆ ಭವಿಷ್ಯನಿಧಿ ಕಡ್ಡಾಯವಲ್ಲ. ತಪಾಸಣೆಯ ಅಧಿಕಾರಿಯೂ ಅಲ್ಲಿಗೆ ಬರುವುದು ಅಪರೂಪ. ಕಾನೂನಿನ ಕೈ ತಲಪದ ಇಂತಹ ಕಡೆ ಉಳಿಯುವುದು ಯಜಮಾನನ ವಿವೇಕ ಒಂದೇ. ಅತಿಭಾರಾರೋಪಣ, ಅನ್ನಪಾನನಿರೋಧ ಇವನ್ನು ಅಹಿಂಸಾಣುವ್ರತದ ಅತಿಚಾರಗಳೆಂದು ಎಣಿಸಿದ ಹಿರಿಯರು ಹೆಚ್ಚಾಗಿ ಎತ್ತು ಕುದುರೆಗಳನ್ನು ಕುರಿತು ವಿವರಿಸಿದರು. ಪಶುವಿಗೆ ಸಲ್ಲಿಸಬೇಕಾದ ದಯೆಯು ಊಟದ ಬಿಡುವೂ ಇಲ್ಲದೆ ರಾತ್ರಿ ಹತ್ತರವರೆಗೆ ಯಂತ್ರದ ಮುಂದೆ ನಿಂತ ಹೆಣ್ಣುಮಗಳಿಗೆ ಸಲ್ಲದೆ ಹೋದೀತೆ?

ಇದರಲ್ಲಿ ಮಾಡಿಸುವವರ ಪಾಲೂ ಇದೆ. ಬಸದಿಯ ಟ್ರಸ್ಟುಗಳು, ವಿದ್ಯಾರ್ಥಿನಿಲಯಗಳು, ಶಾಲೆಗಳು ಸಮವಸ್ತ್ರಗಳನ್ನೂ ಕೈಚೀಲಗಳನ್ನೂ ಸ್ವಯಂಸೇವಕರ ಟೋಪಿಗಳನ್ನೂ ಹೊಲಿಸುತ್ತವೆ. ಉತ್ಸವಕ್ಕೆ ಎಂಟು ದಿನವಿರುವಾಗ ಕೆಲಸ ಕೊಟ್ಟು, ಮೂವರ ಬಳಿ ದರ ಕೇಳಿ, ಅತಿ ಕಡಿಮೆ ಹೇಳಿದವನಿಗೆ ವಹಿಸಿ, ಹಣವನ್ನು ಆರು ತಿಂಗಳು ತಡಮಾಡುವುದು ಅನೇಕ ಕಡೆ ರೂಢಿಯಾಗಿದೆ. ಆ ರಿಯಾಯಿತಿಯು ಎಲ್ಲಿಂದ ಬಂದಿತೆಂದು ಕೇಳುವವರಿಲ್ಲ. ಅದು ಹೊಲಿಗೆಯನ್ನು ತೆಳುಮಾಡಿ ಬಂದಿರಬೇಕು, ಇಲ್ಲವೆ ಕೂಲಿಯನ್ನು ತೆಳುಮಾಡಿ. ಎರಡು ತಿಂಗಳ ಮೊದಲೇ ಕೆಲಸ ಒಪ್ಪಿಸುವುದು, ಮಾದರಿಯನ್ನು ನೋಡಿ ಒಪ್ಪಿಗೆ ಕೊಡುವುದು, ದಾರಕ್ಕೆ ಬೇಕಾದ ಮುಂಗಡವನ್ನು ಕೊಡುವುದು, ಬಟ್ಟೆ ಕೈಸೇರಿದ ದಿನವೇ ಬಾಕಿ ತೀರಿಸುವುದು ಯಾವ ಟ್ರಸ್ಟಿಗೂ ಅಸಾಧ್ಯವಾದುದಲ್ಲ.

ಕಸೂತಿ ಹಾಕುವಾಕೆ ಬಟ್ಟೆಯನ್ನು ತಿರುಗಿಸಿ ಒಳಮೈಯನ್ನು ನೋಡಿಯೇ ಕೆಲಸದ ಗುಣವನ್ನು ಅಳೆಯುತ್ತಾಳೆ. ಅಂಗಿಯ ಮೇಲೆ ಸಂಸ್ಥೆಯ ಹೆಸರನ್ನು ಹೊಲಿಸುವ ಪ್ರತಿಯೊಬ್ಬರೂ ಒಮ್ಮೆ ಅದನ್ನು ತಿರುಗಿಸಿ ನೋಡಲಿ. ಅದನ್ನು ಹೊಲಿದ ಕೈಗೆ ನ್ಯಾಯವಾದ ಕೂಲಿ ಸಂದಿದೆಯೆ ಎಂಬುದನ್ನೂ ಆಗಲೇ ವಿಚಾರಿಸಲಿ.