ಎಚ್‌ಐವಿ ಪರೀಕ್ಷೆ: ‘ನೆಗೆಟಿವ್’ ಯಾವಾಗ ಖಚಿತ?

ನಮ್ಮ ಉಬ್ರಾಣಿ ಕಡೆ ಎಚ್‌ಐವಿ ಬಗ್ಗೆ ಬಾಯಿಬಿಟ್ಟು ಕೇಳುವವರು ಕಡಿಮೆ. ಕೇಳಿದವರಿಗೆ ನಾನು ಹೇಳೋದು ಇಷ್ಟೇ: ರಿಪೋರ್ಟ್ ನಂಬುವ ಮೊದಲು ದಿನ ಎಣಿಸಿ.

ಸೋಂಕು ತಗುಲಿದ ದಿನದಿಂದ ಅದು ಪರೀಕ್ಷೆಯಲ್ಲಿ ಕಾಣಿಸುವವರೆಗಿನ ಅವಧಿಯೇ ‘ವಿಂಡೋ ಪೀರಿಯಡ್’. ಪ್ರತಿಕಾಯವನ್ನಷ್ಟೇ ಹುಡುಕುವ ಪರೀಕ್ಷೆಗೆ 23ರಿಂದ 90 ದಿನ ಬೇಕು. ರಕ್ತನಾಳದಿಂದ ರಕ್ತ ತೆಗೆದು, ಪ್ರತಿಕಾಯದ ಜೊತೆಗೆ ವೈರಸ್‌ನ ಪಿ24 ಅಂಶವನ್ನೂ ನೋಡುವ ಲ್ಯಾಬ್ ಪರೀಕ್ಷೆಗೆ 18ರಿಂದ 45 ದಿನ. ವೈರಸ್ಸನ್ನೇ ಪತ್ತೆಹಚ್ಚುವ ‘ನ್ಯಾಟ್’ಗೆ 10ರಿಂದ 33 ದಿನ.

ಹಾಗಾಗಿ ಹದಿನೈದನೇ ದಿನದ ನೆಗೆಟಿವ್ ಅರ್ಧ ಉತ್ತರ ಮಾತ್ರ. ನಡುವೆ ಮತ್ತೆ ಅಪಾಯ ಎದುರಾಗದಿದ್ದರೆ, 90 ದಿನ ದಾಟಿದ ಮೇಲಿನ ನೆಗೆಟಿವ್ ನಂಬಬಹುದು. ಅಲ್ಲಿವರೆಗೆ ಕಾಂಡೋಮ್ ಬಿಡಬೇಡಿ, ರಕ್ತದಾನ ಮಾಡಬೇಡಿ. ಪಾಸಿಟಿವ್ ಕೂಡ ಒಂದೇ ಕಿಟ್‌ನಿಂದ ತೀರ್ಮಾನವಾಗಲ್ಲ. ಮೂರು ಬೇರೆ ಬೇರೆ ಪರೀಕ್ಷೆಗಳಲ್ಲಿ ದೃಢಪಡಬೇಕು.

ಘಟನೆ ನಡೆದು 72 ಗಂಟೆ ಮೀರಿಲ್ಲವಾದರೆ ದಿನ ಎಣಿಸುತ್ತಾ ಕೂರಬೇಡಿ. ಸೋಂಕು ತಡೆಯುವ 28 ದಿನಗಳ ‘ಪೆಪ್’ ಮಾತ್ರೆಗಾಗಿ ತಕ್ಷಣ ವೈದ್ಯರನ್ನು ಕಾಣಿ. ಅದನ್ನು ತಗೊಂಡವರು ಕೊನೆಯ ಪರೀಕ್ಷೆ ಯಾವಾಗ ಅಂತ ವೈದ್ಯರನ್ನೇ ಕೇಳಬೇಕು.

ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿಯಲ್ಲಿ ಪರೀಕ್ಷೆ ಉಚಿತ. ಒಪ್ಪಿಗೆ ಮತ್ತು ಗೋಪ್ಯತೆಗೆ 2017ರ ಕಾಯ್ದೆಯ ರಕ್ಷಣೆಯಿದೆ. ಪರಿಚಯದವರು ಸಿಕ್ತಾರೆ ಅನ್ನೋ ಅಳುಕಿದ್ದರೆ ಚನ್ನಗಿರಿ ಬಿಟ್ಟು ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗಿ. ಮೊದಲು ಮಾತಾಡಬೇಕೆಂದರೆ 1097ಕ್ಕೆ ಕರೆ ಮಾಡಿ.