ಇಳಿವಯಸ್ಸಿನ ಕಂಠ

ಅಮೆರಿಕದ ದಕ್ಷಿಣ ಸೀಮೆಯ ಗ್ರಾಮೀಣರ ಹಾಡುಗಾರಿಕೆಯಿಂದ ಬೆಳೆದುಬಂದುದು ಕಂಟ್ರಿ ಸಂಗೀತ. ಅದರ ಹಿರಿಯ ಗಾಯಕ ಜಾನಿ ಕ್ಯಾಶ್ 1932ರಲ್ಲಿ ಆರ್ಕನ್ಸಾ ರಾಜ್ಯದ ಬಡ ಬೇಸಾಯಗಾರರ ಮನೆಯಲ್ಲಿ ಜನಿಸಿದವನು. 1968ರಲ್ಲಿ ಫಾಲ್ಸಮ್ ಸೆರೆಮನೆಯ ಕೈದಿಗಳ ಎದುರಿಗೆ ಹಾಡಿದಾಗ ಅವನ ಕೀರ್ತಿ ಇಮ್ಮಡಿಸಿತು. ಆದರೂ 1986ರಲ್ಲಿ ಕೊಲಂಬಿಯಾ ಸಂಸ್ಥೆ ಅವನನ್ನು ಕೈಬಿಟ್ಟಿತು. ಜನಪ್ರಿಯತೆಯ ಲೆಕ್ಕಾಚಾರ ಅಂಥದು.

1994ರಲ್ಲಿ, ಅರವತ್ತೆರಡನೆಯ ವಯಸ್ಸಿನಲ್ಲಿ, ಅವನ 'ಅಮೆರಿಕನ್ ರೆಕಾರ್ಡಿಂಗ್ಸ್' ಎಂಬ ಧ್ವನಿಮುದ್ರಿಕೆ ಹೊರಬಂದಿತು. ಅದರ ನಿರ್ಮಾಪಕ ರಿಕ್ ರೂಬಿನ್, ತರುಣರ ರಾಪ್ ಮತ್ತು ಹೆವಿ ಮೆಟಲ್ ಸಂಗೀತದಲ್ಲಿ ಪಳಗಿದವನು. ಹದಿಮೂರು ಹಾಡುಗಳಿಗೂ ವಾದ್ಯಮೇಳವಿಲ್ಲ. ಒಂದು ಗಿಟಾರು, ಒಂದು ಕಂಠ, ಅಷ್ಟೆ. ಮೊದಲನೆಯದೇ ಕೊಲೆಯ ಹಾಡು. ಡೀಲಿಯಾ ಎಂಬ ಪ್ರೇಯಸಿಯನ್ನು ಗುಂಡಿಟ್ಟು ಕೊಂದವನೇ ಅಲ್ಲಿ ಕಥೆ ಹೇಳುತ್ತಾನೆ.

ಕೇಳುಗರು ಇಬ್ಬಗೆಯಾದರು. ಕಂಟ್ರಿ ಸಂಗೀತದ ರೇಡಿಯೋ ನಿಲಯಗಳು ಈ ಹಾಡುಗಳಿಗೆ ಬಹುಮಟ್ಟಿಗೆ ಕಿವುಡಾದವು. ರಾಕ್ ಸಂಗೀತದ ಎಳೆಯರು ಮುದುಕನನ್ನು ತಮ್ಮವನೆಂದೇ ಬರಮಾಡಿಕೊಂಡರು. ಭಕ್ತಿಗೀತೆಗಳನ್ನು ಹಾಡುವ ಬಾಯಲ್ಲಿ ಇದೆಂಥ ಹಾಡು ಎಂಬ ಆಕ್ಷೇಪವೂ ಬಂದಿತು. ಈ ಕತ್ತಲೆ ಕ್ಯಾಶ್‌ನದಲ್ಲ, ಮಾರಾಟಕ್ಕಾಗಿ ರೂಬಿನ್ ಹೊದಿಸಿದ ಕರಿಯ ಕಂಬಳಿ ಎಂಬ ಸಂದೇಹ ಇನ್ನು ಕೆಲವರದು.

ಈ ಸಂದೇಹವನ್ನು ಚರಿತ್ರೆ ಒಪ್ಪುವುದಿಲ್ಲ. ಡೀಲಿಯಾಳ ಹಾಡನ್ನು ಕ್ಯಾಶ್ 1962ರಷ್ಟು ಹಿಂದೆಯೇ ಮುದ್ರಿಕೆಯಾಗಿ ತಂದಿದ್ದ. 1955ರ ಅವನ ಫಾಲ್ಸಮ್ ಗೀತೆಯಲ್ಲಿ ಮಾತನಾಡುವವನೂ ಕೊಲೆಗಾರನೇ. ಕತ್ತಲೆ ಮೊದಲಿನಿಂದಲೂ ಇತ್ತು. ಅದನ್ನು ಮರೆಮಾಡುತ್ತಿದ್ದ ಲಯದ ಉತ್ಸಾಹ, ಹಿಮ್ಮೇಳದ ಮೆರುಗು ಈಗ ಕಳಚಿದ್ದವು. ಅದೇ ಮುದ್ರಿಕೆಯಲ್ಲಿ ದೇವರ ಕರುಣೆಯನ್ನು ಬೇಡುವ ಹಾಡುಗಳೂ ಇವೆಯೆಂಬುದನ್ನು ಆಕ್ಷೇಪಿಸಿದವರು ಮರೆಯಬಾರದಿತ್ತು.

ಆದರೆ ಒಂದು ದೂರನ್ನು ತಳ್ಳಿಹಾಕುವಂತಿಲ್ಲ. ಈ ಹಾಡಿನ ಹಿಂದೆ ನಿಜವಾದೊಂದು ಸಾವಿದೆ. 1900ರ ಕ್ರಿಸ್‌ಮಸ್ ವೇಳೆಯಲ್ಲಿ, ಜಾರ್ಜಿಯಾ ರಾಜ್ಯದ ಸವಾನಾ ನಗರದಲ್ಲಿ ಗುಂಡೇಟಿನಿಂದ ಸತ್ತ ಡೀಲಿಯಾ ಗ್ರೀನ್, ಹದಿನಾಲ್ಕರ ಕಪ್ಪು ಜನಾಂಗದ ಹುಡುಗಿ. ಹಾಡು ಬಾಯಿಂದ ಬಾಯಿಗೆ ಸಾಗಿ ಬರುವಷ್ಟರಲ್ಲಿ ಕೊಂದವನ ಅಳಲು ಉಳಿಯಿತು, ಹುಡುಗಿಯ ದನಿ ಅಳಿಯಿತು. ಕ್ಯಾಶ್‌ನ ಘನವಾದ ಕಂಠವೂ ಆ ಕೊರತೆಯನ್ನು ತುಂಬಲಿಲ್ಲ.

2002ರಲ್ಲಿ ಬಂದ 'ಹರ್ಟ್' ಇಂಥ ವಿವಾದಕ್ಕೆ ಎಡೆಗೊಡಲಿಲ್ಲ. ಟ್ರೆಂಟ್ ರೆಜ್ನರ್ ಎಂಬ ರಾಕ್ ಗಾಯಕ ಇಪ್ಪತ್ತರ ಹರೆಯದಲ್ಲಿ ಬರೆದ ಗೀತೆಯದು. ಎಪ್ಪತ್ತರ ಕ್ಯಾಶ್ ರೋಗದಿಂದ ಸೀಳಿದ ದನಿಯಲ್ಲಿ ಹಾಡಿದಾಗ, ಯೌವನದ ಹತಾಶೆ ಮುಪ್ಪಿನ ಲೆಕ್ಕಪತ್ರವಾಯಿತು. ರೆಜ್ನರ್‌ಗೆ ಮೊದಲು ಮುಜುಗರವೆನಿಸಿತ್ತಂತೆ. ಮಾರ್ಕ್ ರೊಮಾನೆಕ್ ತೆಗೆದ ಕಿರುಚಿತ್ರವನ್ನು ಕಂಡ ಮೇಲೆ ಹಾಡು ಇನ್ನು ತನ್ನದಲ್ಲವೆಂದು ಅವನೇ ಒಪ್ಪಿಕೊಂಡ. ಆ ಚಿತ್ರದಲ್ಲಿ, ಹಾಡುವ ಗಂಡನನ್ನು ಮೌನವಾಗಿ ನೋಡುತ್ತ ನಿಂತ ಜೂನ್ ಕಾರ್ಟರ್ 2003ರ ಮೇ ತಿಂಗಳಲ್ಲಿ ತೀರಿಕೊಂಡಳು. ಸೆಪ್ಟೆಂಬರಿನಲ್ಲಿ ಕ್ಯಾಶ್ ಕಣ್ಮುಚ್ಚಿದ.